ಕಾಣದ ಅಕ್ಷರ, ಕಾವಲಿಗೆ ನಿಂತ ಟೆಸ್ಟ್

ಪುಸ್ತಕಗಳ ಕರಡು ತಿದ್ದುವ ಓದುಗರೊಬ್ಬರು ಕೇಳಿದ್ದಾರೆ: ‘ಕಂಪ್ಯೂಟರಿನಲ್ಲಿ ಪದಸೂಚಿ ತಯಾರಿಸಿದರೆ “ಬಸ್” ಎಂಬ ಪದ ಎರಡು ಸಲ ಬರುತ್ತದೆ. ಎಷ್ಟು ದಿಟ್ಟಿಸಿ ನೋಡಿದರೂ ಎರಡೂ ಒಂದೇ. ಇದೇನು ಚೋದ್ಯ?’

ಎರಡನೆಯ ‘ಬಸ್’ನ ಬಾಲದಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿದೆ. ಯುನಿಕೋಡಿನಲ್ಲಿ ಅದರ ಹೆಸರು ‘ಜೀರೋ ವಿಡ್ತ್ ನಾನ್ ಜಾಯ್ನರ್’. ಅಗಲವಿಲ್ಲ, ಆಕಾರವಿಲ್ಲ, ಅಕ್ಕಪಕ್ಕದ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವುದಷ್ಟೇ ಕೆಲಸ. ‘ಸಾಫ್ಟ್‌ವೇರ್’ ಎಂದು ಬರೆದಾಗ ‘ವ’ ಒತ್ತಕ್ಷರವಾಗಿ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುವುದು ಅದರಿಂದಲೇ. ತೆಗೆದುಬಿಟ್ಟರೆ ‘ಸಾಫ್ಟ್ವೇರ್’ ಆಗುತ್ತದೆ. ಪದದ ನಡುವೆ ಅದು ಬೇಕೇ ಬೇಕು, ಕೊನೆಯಲ್ಲಿ ಬಂದರೆ ದಂಡ. ಹಳೆಯ ಕಡತಗಳನ್ನು ಯುನಿಕೋಡಿಗೆ ತಿರುಗಿಸುವಾಗ ಕೆಲವೊಮ್ಮೆ ಹೀಗೆ ಕೊನೆಯಲ್ಲೂ ಉಳಿದುಬಿಡುತ್ತದೆ.

ಇದೇ ಅಕ್ಷರ 2014ರಲ್ಲಿ ಪ್ರೋಗ್ರಾಮರುಗಳನ್ನು ಬೆಚ್ಚಿಬೀಳಿಸಿತ್ತು. ಬಗ್ ಸರಿಪಡಿಸುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಆ ಕಥೆಯನ್ನೇ.

ಕೋಡಿಗೆ ಮಾಡಿದ ಪ್ರತಿ ತಿದ್ದುಪಡಿಯನ್ನೂ, ಯಾರು ಯಾವಾಗ ಮಾಡಿದರೆಂಬ ವಿವರದೊಡನೆ ಕಾಪಿಡುವ ತಂತ್ರಾಂಶ ಗಿಟ್. ಲಿನಕ್ಸ್ ತಂಡ ಬಳಸುತ್ತಿದ್ದ ಇಂಥದೇ ತಂತ್ರಾಂಶ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದಾಗ, 2005ರ ಏಪ್ರಿಲಿನಲ್ಲಿ, ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ ಗಿಟ್ ಅನ್ನು ಬರೆಯತೊಡಗಿದರು. ಅದೇ ತಿಂಗಳು, ಅದೇ ಕಾರಣಕ್ಕೆ, ಮ್ಯಾಟ್ ಮ್ಯಾಕಲ್ ‘ಮರ್ಕ್ಯುರಿಯಲ್’ ಎಂಬ ಇನ್ನೊಂದನ್ನು ಶುರುಮಾಡಿದರು. ಲಿನಕ್ಸ್ ಹಿಡಿದದ್ದು ಗಿಟ್ ದಾರಿಯನ್ನು.

ಗಿಟ್ ತನ್ನ ಲೆಕ್ಕಪತ್ರವನ್ನೆಲ್ಲ ‘ಡಾಟ್ ಗಿಟ್’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಯಾವ ಸಂದರ್ಭದಲ್ಲಿ ಯಾವ ಪ್ರೋಗ್ರಾಂ ಓಡಿಸಬೇಕೆಂಬ ಸೆಟ್ಟಿಂಗ್ಸ್ ಕೂಡ ಅಲ್ಲೇ. ಆದ್ದರಿಂದ ಬೇರೆಯವರಿಂದ ಇಳಿಸಿಕೊಂಡ ಕೋಡಿನಲ್ಲಿ ಅದೇ ಹೆಸರಿನ ಫೋಲ್ಡರ್ ಇದ್ದರೆ ಗಿಟ್ ಬಾಗಿಲಲ್ಲೇ ತಡೆಯುತ್ತಿತ್ತು. ಆದರೆ ಹೆಸರನ್ನು ಅದು ಬೈಟಿಗೆ ಬೈಟು ಹೋಲಿಸುತ್ತಿತ್ತು. ದೊಡ್ಡಕ್ಷರದಲ್ಲಿ ಬರೆದು ತಂದರೆ ‘ಇದು ಬೇರೆ’ ಎಂದು ಒಳಗೆ ಬಿಡುತ್ತಿತ್ತು. ಲಿನಕ್ಸಿನಲ್ಲಿ ಅದು ನಿಜಕ್ಕೂ ಬೇರೆಯೇ. ವಿಂಡೋಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಫೋಲ್ಡರ್. ಮ್ಯಾಕ್‌ನ ಅಂದಿನ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಅಂತೂ ಹೆಸರು ಹೋಲಿಸುವಾಗ ಕೆಲವು ಕಾಣದ ಅಕ್ಷರಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೆಸರಿನೊಳಗೆ ನಮ್ಮ ‘ಸಾಫ್ಟ್‌ವೇರ್’ನ ಆ ಅಕ್ಷರವನ್ನು ತುರುಕಿದರೆ ಗಿಟ್‌ಗೆ ಅದು ಯಾವುದೋ ಅಪರಿಚಿತ ಫೋಲ್ಡರ್. ಮ್ಯಾಕ್ ಮಾತ್ರ ಅದರಲ್ಲಿದ್ದುದನ್ನು ಸೀದಾ ಅಸಲಿ ಫೋಲ್ಡರಿಗೇ ಸುರಿಯುತ್ತಿತ್ತು. ದಾಳಿಕೋರ ಬರೆದ ಆದೇಶ ನಿಮ್ಮ ಕಂಪ್ಯೂಟರಿನಲ್ಲಿ ಓಡಲು ಅಷ್ಟು ಸಾಕು.

ಈ ಬಿರುಕನ್ನು ಕಂಡುಹಿಡಿದದ್ದು ಮ್ಯಾಕಲ್ ಮತ್ತವರ ಮರ್ಕ್ಯುರಿಯಲ್ ಬಳಗ. ಸುದ್ದಿ ಹೊರಬಿದ್ದರೆ ಎಲ್ಲರಿಗೂ ಅಪಾಯವೆಂದು ಎರಡೂ ಕಡೆಯವರು ಸದ್ದಿಲ್ಲದೆ ದುರಸ್ತಿ ಮಾಡಿ, 2014ರ ಡಿಸೆಂಬರ್ 18ರಂದು ಒಟ್ಟಿಗೆ ಬಿಡುಗಡೆ ಮಾಡಿದರು. ಹಳೆಯದನ್ನೇ ನೆಚ್ಚಿಕೊಂಡವರೂ ಉಳಿಯಲಿ ಎಂದು ಗಿಟ್ ಅಂದು 1.8.5.6ರಿಂದ 2.2.1ರವರೆಗೆ ಐದು ಆವೃತ್ತಿಗಳನ್ನು ಹೊರತಂದಿತು. ಪೈಪೋಟಿಯಲ್ಲಿದ್ದ ಎರಡು ಬಳಗಗಳ ಈ ನಡತೆ ನನಗೆ ಇಂದಿಗೂ ಗೌರವ ಹುಟ್ಟಿಸುತ್ತದೆ.

ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ನಿಲ್ಲುವುದು ಆ ದುರಸ್ತಿಗಾಗಿ ಗಿಟ್ ಬರೆದಿಟ್ಟುಕೊಂಡ, ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಾವಾಗಿ ಪರೀಕ್ಷಿಸುವ ಟೆಸ್ಟ್‌ಗಳ ಮೇಲೆ. 1014 ಎಂಬ ಸಂಖ್ಯೆಯ ಕಡತ ತೆರೆದರೆ, ಕಾಣದ ಅಕ್ಷರವನ್ನು ಕಾಣುವಂತೆ ಅದರ ಮೂರು ಬೈಟುಗಳಾಗಿ ಬಿಡಿಸಿ ಬರೆದಿದ್ದಾರೆ: ಎಂಟರ ಮಾನದ ಅಂಕಿಗಳಲ್ಲಿ 342, 200, 214. ಕೆಳಗೆ ಕಳ್ಳ ಹೆಸರುಗಳ ಸಾಲು. ದೊಡ್ಡಕ್ಷರದ್ದೊಂದು, ನಡುವೆ ಕಾಣದ ಅಕ್ಷರ ಹುದುಗಿದ್ದೊಂದು, ಬಾಲದಲ್ಲಿ ಅಂಟಿದ್ದೊಂದು, ವಿಂಡೋಸ್ ಅದೇ ಫೋಲ್ಡರಿಗೆ ತಾನಾಗಿ ಕೊಡುವ ಚುಟುಕು ಹೆಸರಿನದೊಂದು. ಪ್ರತಿಯೊಂದನ್ನೂ ಗಿಟ್ ತಿರಸ್ಕರಿಸಬೇಕು. ಒಂದನ್ನು ಒಳಬಿಟ್ಟರೂ ಟೆಸ್ಟ್ ಫೇಲ್. ಕಾವಲನ್ನು ಸೆಟ್ಟಿಂಗ್‌ನಿಂದ ಆನ್ ಮಾಡುವಂತಿರುವುದರಿಂದ ಮ್ಯಾಕ್ ಇಲ್ಲದವರೂ ಈ ಟೆಸ್ಟ್ ಓಡಿಸಬಹುದು. ಜೊತೆಗೊಂದು ಉಲ್ಟಾ ಟೆಸ್ಟ್ ಇದೆ: ಆ ಸೆಟ್ಟಿಂಗ್ ಆಫ್ ಮಾಡಿದಾಗ ಕಾಣದ ಅಕ್ಷರದ ಹೆಸರು ಒಳಗೆ ಹೋಗಲೇಬೇಕು. ಕಳ್ಳನನ್ನು ಹಿಡಿಯುವ ಭರದಲ್ಲಿ ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಬಾರದಲ್ಲ.

ಕೆರೆ ಏರಿಯಲ್ಲಿ ನೀರು ಜಿನುಗಿದರೆ ನೀರಗಂಟಿ ಮಣ್ಣು ತುಂಬಿ ಮನೆಗೆ ಹೋಗಿ ಮಲಗುವುದಿಲ್ಲ. ಮುಂದಿನ ಪ್ರತಿ ಮಳೆಗೂ ಏರಿ ಮೇಲೆ ನಡೆದು ಆ ಜಾಗವನ್ನು ಮುಟ್ಟಿ ನೋಡುತ್ತಾನೆ. ಟೆಸ್ಟ್ ಮಾಡುವ ಕೆಲಸ ಇದೇ. ಹತ್ತು ವರ್ಷ ಕಳೆದ ಮೇಲೆ ಹೊಸಬರೊಬ್ಬರು ‘ಈ ನಾಲ್ಕು ಸಾಲು ಯಾಕಿದೆ?’ ಎಂದು ಅಳಿಸಲಿ, ಟೆಸ್ಟ್ ಓಡಿಸಿದ ಕೂಡಲೇ ಬೊಬ್ಬೆ ಹೊಡೆಯುತ್ತದೆ. ಇನ್ನೂ ಸರಿಹೋಗದ ಬಗ್‌ಗಳಿಗೂ ಗಿಟ್ ತಂಡ ‘ಇದು ಸೋಲುವುದು ಗೊತ್ತು’ ಎಂಬ ಗುರುತಿನೊಡನೆ ಟೆಸ್ಟ್ ಬರೆದಿಡುತ್ತದೆ. ಇನ್ನೆಲ್ಲೋ ಮಾಡಿದ ತಿದ್ದುಪಡಿಯಿಂದ ಆ ಬಗ್ ತಾನಾಗಿ ಹೋಗಿಬಿಟ್ಟರೆ, ಗೊತ್ತಿದ್ದ ದೋಷ ಮಾಯವಾಗಿದೆ ಎಂಬ ವರದಿಯೂ ಬರುತ್ತದೆ.

ಟೆಸ್ಟ್‌ಗಳಿಗೂ ಆರೈಕೆ ಬೇಕು. ಗಿಟ್ ತನ್ನಲ್ಲಿಡುವ ಪ್ರತಿಯೊಂದಕ್ಕೂ ಎಸ್‌ಎಚ್‌ಎ-1 ಲೆಕ್ಕದ 40 ಅಂಕಿ-ಅಕ್ಷರಗಳ ಗುರುತು ಕೊಡುತ್ತಿತ್ತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಗುರುತು ಬರುವ ಎರಡು ಬೇರೆ ಪಿಡಿಎಫ್‌ಗಳನ್ನು ಮಾಡಿ ತೋರಿಸಿದರು. ಆ ಗುರುತನ್ನು ಇನ್ನು ನೆಚ್ಚುವಂತಿಲ್ಲ ಎಂದಾಗಿ, 64ರ ಉದ್ದದ ಎಸ್‌ಎಚ್‌ಎ-256ಕ್ಕೆ ದಾಟುವ ಕೆಲಸ ಚುರುಕಾಯಿತು. ಆದರೆ ಹಳೆಯ ಟೆಸ್ಟ್‌ಗಳಲ್ಲಿ ಎಷ್ಟೋ ಕಡೆ 40ರ ಗುರುತುಗಳನ್ನೇ ನೇರವಾಗಿ ಬರೆದಿಟ್ಟಿದ್ದರು. ಹೊಸ ಲೆಕ್ಕದಲ್ಲಿ ಕೋಡ್ ಸರಿಯಿದ್ದರೂ ಟೆಸ್ಟ್ ಸೋಲುತ್ತಿತ್ತು. ಅವನ್ನೆಲ್ಲ ಹುಡುಕಿ, ಎರಡೂ ಲೆಕ್ಕಕ್ಕೆ ಒಗ್ಗುವಂತೆ ತಿದ್ದುತ್ತಾ ಹೋದರು. 2020ರ ಅಕ್ಟೋಬರಿನಲ್ಲಿ 2.29ನೇ ಆವೃತ್ತಿಯೊಂದಿಗೆ ಎಸ್‌ಎಚ್‌ಎ-256 ಪ್ರಾಯೋಗಿಕವಾಗಿ ಬಂತು. ಚಪ್ಪಾಳೆ ಸಿಗದ ಈ ದುಡಿಮೆಯ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಎಐ ಕ್ಷಣಾರ್ಧದಲ್ಲಿ ಬಗ್ ಸರಿಪಡಿಸಿತು ಎಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಕೇಳುವುದು, ಜೊತೆಗೆ ಟೆಸ್ಟ್ ಬಂತೇ ಎಂದು.

ಇನ್ನು ಓದುಗ ಮಿತ್ರರ ‘ಬಸ್’. ಕಾಣದ ಅಕ್ಷರವನ್ನೆಲ್ಲ ಒಟ್ಟಿಗೆ ಅಳಿಸಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಪುಸ್ತಕದ ಸಾಫ್ಟ್‌ವೇರ್‌ಗಳೆಲ್ಲ ಕೆಟ್ಟುಹೋಗುತ್ತವೆ. ಪದದ ಕೊನೆಯಲ್ಲಿ ಇರುವುದನ್ನಷ್ಟೇ ತೆಗೆಯಿರಿ. ಅದಕ್ಕೂ ಮುಂಚೆ ಚಿಕ್ಕ ಕಡತವೊಂದರಲ್ಲಿ ಎರಡು ಪದ ಬರೆದಿಡಿ: ಬಾಲವಿರುವ ‘ಬಸ್‌’, ಮತ್ತು ‘ಸಾಫ್ಟ್‌ವೇರ್’. ಅಳಿಸಿದ ಮೇಲೆ ಮೊದಲನೆಯದರ ಬಾಲ ಹೋಗಿರಬೇಕು, ಎರಡನೆಯದು ಇದ್ದಂತೆಯೇ ಇರಬೇಕು. ಎರಡೂ ಸರಿಬಂದ ಮೇಲೆ ಪುಸ್ತಕಕ್ಕೆ ಕೈಹಾಕಿ. ಮುಂದಿನ ಪುಸ್ತಕ ಬಂದಾಗಲೂ ಮೊದಲು ತೆರೆಯಬೇಕಾದದ್ದು ಆ ಚಿಕ್ಕ ಕಡತವನ್ನೇ.