ಬೆಂಗಳೂರಿನಿಂದ ಜಾಫ್ನಾಕ್ಕೆ ಹಾರಿದ ಐದು ವಿಮಾನಗಳು

1987ರ ಜೂನ್ 4ರ ಮಧ್ಯಾಹ್ನ ಬೆಂಗಳೂರಿನಿಂದ ವಾಯುಪಡೆಯ ಐದು ಎಎನ್-32 ವಿಮಾನಗಳು ಮೇಲೆದ್ದವು. ಹೊಟ್ಟೆಯೊಳಗೆ ಸುಮಾರು 25 ಟನ್ ಪರಿಹಾರ ಸಾಮಗ್ರಿ, ಬೆಂಗಾವಲಿಗೆ ಮಿರಾಜ್-2000 ಯುದ್ಧವಿಮಾನಗಳು. ಹಿಂದಿನ ದಿನವಷ್ಟೇ ಇಂಥದೇ ಸರಕು ಹೊತ್ತು ರಾಮೇಶ್ವರದಿಂದ ಹೊರಟಿದ್ದ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಸಮುದ್ರದಲ್ಲೇ ತಡೆದು ವಾಪಸ್ ಕಳಿಸಿತ್ತು. ಈ ಸಲ ದೆಹಲಿ ಲಂಕಾದ ರಾಯಭಾರಿಯನ್ನು ಕರೆಸಿ, ವಿಮಾನಗಳು ಬರುತ್ತಿವೆ, ತಡೆಯಬೇಡಿ ಎಂದು ಎಚ್ಚರಿಸಿತು. ಲಂಕಾ ಸೇನೆಯ ಮುತ್ತಿಗೆಯಲ್ಲಿ ಸಿಕ್ಕಿದ್ದ, ತಮಿಳರ ಜಾಫ್ನಾದ ಮೇಲೆ ಪ್ಯಾರಾಚೂಟ್‌ಗಳು ಇಳಿದವು. ‘ಆಪರೇಷನ್ ಪೂಮಾಲೈ’ ಎಂಬ ಆ ಕಾರ್ಯಾಚರಣೆಯಿಂದ ತಮಿಳರ ಹೊಟ್ಟೆ ತುಂಬಿದ್ದು ಅಷ್ಟರಲ್ಲೇ ಇತ್ತು. ಕೊಲಂಬೊಗೆ ಸಂದೇಶ ಮಾತ್ರ ಸರಿಯಾಗಿ ಮುಟ್ಟಿತು.

ಇದರ ಬೇರು 1983ರ ಜುಲೈನಲ್ಲಿದೆ. ಆ ತಿಂಗಳ ತಮಿಳರ ಹತ್ಯಾಕಾಂಡದ ನಂತರ ನಿರಾಶ್ರಿತರು ಪಾಕ್ ಜಲಸಂಧಿ ದಾಟಿ ತಮಿಳುನಾಡಿಗೆ ಬಂದರು. ಇಂದಿರಾ ಗಾಂಧಿ ಸರ್ಕಾರ ಒಂದು ಕೈಯಲ್ಲಿ ಸಂಧಾನ ನಡೆಸುತ್ತ, ಇನ್ನೊಂದು ಕೈಯಲ್ಲಿ ತಮಿಳು ಉಗ್ರಗಾಮಿಗಳಿಗೆ ಗುಟ್ಟಾಗಿ ತರಬೇತಿ ಕೊಡಿಸಿತು. ಲಂಕಾ ಅಮೆರಿಕ, ಪಾಕಿಸ್ತಾನಗಳತ್ತ ವಾಲೀತು ಎಂಬ ಭಯವೂ ಇದರ ಹಿಂದಿತ್ತು. ಆದರೂ ಈ ಇಬ್ಬಗೆ ಆಟವೇ ಮುಂದಿನ ಅನಾಹುತಕ್ಕೆಲ್ಲ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ.

1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧ ಮಾಡುತ್ತಿದ್ದ ತಮಿಳು ಉಗ್ರಗಾಮಿ ಸಂಘಟನೆ ಎಲ್‌ಟಿಟಿಇಯ ಸಹಿ ಅದರಲ್ಲಿರಲಿಲ್ಲ. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಮೇಲೆ ಸಾಲಿನಲ್ಲಿದ್ದ ಲಂಕಾ ನಾವಿಕನೊಬ್ಬ ಬಂದೂಕಿನ ಹಿಡಿಯನ್ನು ಬೀಸಿದ. ರಾಜೀವ್ ತಲೆ ಬಗ್ಗಿಸಿದ್ದರಿಂದ ಪೆಟ್ಟು ಭುಜದ ಕಡೆ ಬಿತ್ತು.

ಆ ಒಪ್ಪಂದದಂತೆ ಶಾಂತಿ ಕಾಯಲು ಹೋದ ಭಾರತೀಯ ಸೇನೆ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ವಿರುದ್ಧವೇ ಹೋರಾಡಬೇಕಾಯಿತು. ಅದರ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರ್‌ಗಳಲ್ಲಿ ಯೋಧರನ್ನು ಇಳಿಸಲಾಯಿತು. ಎದುರಾಳಿಗಳು ಹೊಂಚು ಹಾಕಿ ಕಾದಿದ್ದರು. ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ ಬದುಕುಳಿದು ಸೆರೆ ಸಿಕ್ಕವರು ಒಬ್ಬರೇ. ಕಡೆಗೆ ಜಯವರ್ಧನೆ ನಂತರ ಬಂದ ಅಧ್ಯಕ್ಷ ಪ್ರೇಮದಾಸ ಅವರೇ ‘ನಿಮ್ಮ ಸೇನೆ ಹೋಗಲಿ’ ಎಂದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ 1,100ಕ್ಕೂ ಹೆಚ್ಚು ಯೋಧರು ಪ್ರಾಣ ಕೊಟ್ಟಿದ್ದರು. ಮರುವರ್ಷ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಹತ್ಯೆಯಾಯಿತು. ಅದರ ಪ್ರಮುಖ ಸಂಚುಕೋರ ಶಿವರಾಸನ್ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೊಣನಕುಂಟೆಯ ಮನೆಯೊಂದರಲ್ಲಿ, ಪೊಲೀಸರು ಸುತ್ತುವರಿದಾಗ, ಸಂಗಡಿಗರೊಂದಿಗೆ ಸತ್ತ.

ಇಂದಿನ ಲಂಕಾ ನೀತಿ ಈ ಗಾಯದಿಂದಲೇ ರೂಪುಗೊಂಡಿದ್ದು. ಮತ್ತೆಂದೂ ದೆಹಲಿ ಅಲ್ಲಿಗೆ ಕಾದಾಡಲು ಸೈನಿಕರನ್ನು ಕಳಿಸಲಿಲ್ಲ. 2009ರಲ್ಲಿ ಯುದ್ಧ ಮುಗಿದ ಮೇಲೆ ಮನೆ ಕಟ್ಟಿಸಿಕೊಟ್ಟಿತು, ಜಾಫ್ನಾದ ರೈಲುಹಳಿ ಹಾಕಿಸಿತು. 2022ರಲ್ಲಿ ಲಂಕಾ ದಿವಾಳಿಯೆದ್ದಾಗ ಸುಮಾರು 400 ಕೋಟಿ ಡಾಲರ್ ನೆರವಿಗೆ ನಿಂತಿತು. ಇದೆಲ್ಲ ಒಳ್ಳೆಯ ಕೆಲಸವೇ. ಆದರೆ ಅಷ್ಟೊಂದು ಯೋಧರು ಸತ್ತಿದ್ದು ಯಾವ ಒಪ್ಪಂದಕ್ಕಾಗಿಯೋ, ಅದರ ಫಲವಾದ ಲಂಕಾ ಸಂವಿಧಾನದ 13ನೇ ತಿದ್ದುಪಡಿ ಇನ್ನೂ ಪೂರ್ತಿ ಜಾರಿಯಾಗಿಲ್ಲ. ಪ್ರಾಂತಗಳಿಗೆ ಕೊಡಬೇಕಿದ್ದ ಭೂಮಿ, ಪೊಲೀಸ್ ಅಧಿಕಾರ ಕೊಲಂಬೊದಲ್ಲೇ ಉಳಿದಿದೆ. ಉತ್ತರ ಪ್ರಾಂತೀಯ ಮಂಡಳಿಯ ಅವಧಿ 2018ರ ಅಕ್ಟೋಬರ್‌ನಲ್ಲೇ ಮುಗಿದರೂ ಚುನಾವಣೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಲಾಯಿತು. ಸಾಲ ಕೊಡುವಾಗಿನ ಸಲಿಗೆಯಲ್ಲೇ ದೆಹಲಿ ಈ ಮಾತನ್ನೂ ಕೊಲಂಬೊಗೆ ಗಟ್ಟಿಯಾಗಿ ಹೇಳಬೇಕು.