ಜ್ಞಾನದಾಸೋಹಕ್ಕೊಂದು ಹೊಸ ಸಾಧನ

ಅನ್ನ, ಅಕ್ಷರ, ಆಶ್ರಯಗಳನ್ನು ತ್ರಿವಿಧ ದಾಸೋಹವೆಂದು ಭಾವಿಸಿ ನಮ್ಮ ಮಠಗಳು ಸಾವಿರಾರು ಬಡ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದವು. ಒಬ್ಬರಿಗೆ ದೊರೆತ ಒಳ್ಳೆಯ ಪಾಠವನ್ನು ಮತ್ತೊಬ್ಬರಿಗೆ ತಲುಪಿಸುವುದೂ ಆ ದಾಸೋಹದ ಒಂದು ಅಂಗವೇ ಸರಿ. ಇಂದು ಅಂತರ್ಜಾಲದಲ್ಲಿ ಪಾಠೋಪಕರಣಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಜೊಳ್ಳನ್ನು ತೂರಿ ಕಾಳನ್ನು ಆಯ್ದುಕೊಡುವವರಿಗೆ. ಬೀದರಿನ ಶಿಕ್ಷಕಿಯೊಬ್ಬರು ಇಡೀ ಸಂಜೆ ಹುಡುಕಿ ಕಂಡುಕೊಂಡ ಪಾಠವನ್ನೇ ಚಾಮರಾಜನಗರದ ಶಿಕ್ಷಕರೊಬ್ಬರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಒಬ್ಬರೇ ಹಲವು ತರಗತಿಗಳನ್ನು ನೋಡಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ ಹೀಗೆ ಕಳೆದ ಹೊತ್ತು ಮಕ್ಕಳ ಪಾಲಿನದು.

ಈ ಶ್ರಮವನ್ನು ಹಂಚಿಕೊಳ್ಳಲೆಂದೇ ಇರುವುದು ಸೋಶಿಯಲ್ ಬುಕ್‌ಮಾರ್ಕಿಂಗ್. ಗ್ರಂಥವನ್ನು ಓದುವಾಗ ನಾವು ಪುಟದ ನಡುವೆ ಗುರುತಿಗಾಗಿ ನವಿಲುಗರಿ ಇಡುವುದಿಲ್ಲವೇ? ಜಾಲತಾಣದ ಪುಟಕ್ಕೂ ಅಂಥದೇ ಗುರುತನ್ನಿಟ್ಟು, ಅದನ್ನು ಹತ್ತು ಜನರಿಗೆ ಕಾಣುವಂತೆ ಮಾಡುವುದೇ ಇದರ ತಿರುಳು. ಗುರುತಿನ ಜೊತೆಗೆ ‘ಗಣಿತ’, ‘ಭಿನ್ನರಾಶಿ’, ‘ಐದನೆಯ ತರಗತಿ’ ಎಂಬ ಟ್ಯಾಗುಗಳನ್ನು ಬರೆದರೆ, ಆ ಪದವನ್ನು ಒತ್ತಿದವರಿಗೆಲ್ಲ ಅದರಡಿ ಸೇರಿದ ಪುಟಗಳು ಒಟ್ಟಿಗೆ ದೊರೆಯುತ್ತವೆ. ಆದರೆ ಒಬ್ಬರು ‘ಭಿನ್ನರಾಶಿ’ ಎಂದೂ ಇನ್ನೊಬ್ಬರು ‘ಭಿನ್ನಾಂಕ’ ಎಂದೂ ಬರೆದರೆ ಸಂಗ್ರಹವೇ ಇಬ್ಭಾಗವಾಗುವುದು. ಆದ್ದರಿಂದ ಬಳಗದವರು ಮೊದಲೇ ಪದಗಳನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಅಮೆರಿಕದ ಜೋಶುವಾ ಶಾಕ್ಟರ್ 2003ರಲ್ಲಿ ಆರಂಭಿಸಿದ ‘ಡೆಲಿಶಿಯಸ್’ ಈ ಪದ್ಧತಿಗೆ ಪ್ರಸಿದ್ಧಿ ತಂದಿತು. 2006ರಲ್ಲಿ ಬಂದ ‘ಡಿಗೊ’, ಪುಟದ ಮುಖ್ಯ ಸಾಲುಗಳಿಗೆ ಬಣ್ಣ ಬಳಿದು ಟಿಪ್ಪಣಿ ಬರೆಯುವ ಅನುಕೂಲವನ್ನೂ ಒದಗಿಸಿತು. ಆದರೆ ಡೆಲಿಶಿಯಸ್ 2005ರಲ್ಲಿ ಯಾಹೂ ಸಂಸ್ಥೆಯ ಕೈಸೇರಿ, 2011ರಲ್ಲಿ ಮತ್ತೆ ಮಾರಾಟವಾಗಿ, 2017ರಲ್ಲಿ ‘ಪಿನ್‌ಬೋರ್ಡ್’ನ ಪಾಲಾದಾಗ ಹೊಸ ಗುರುತುಗಳನ್ನು ಸೇರಿಸುವುದೇ ನಿಂತುಹೋಯಿತು. ಪುಟಗಳನ್ನು ಕೂಡಿಡುತ್ತಿದ್ದ ‘ಪಾಕೆಟ್’ ಕೂಡ 2025ರಲ್ಲಿ ಮುಚ್ಚಿತು. ಪರರ ಕಣಜದಲ್ಲಿಟ್ಟ ಕಾಳಿಗೆ ನಮ್ಮ ಮನೆಯಲ್ಲೂ ಒಂದು ಪಾಲು ಇರಬೇಕು. ಸಂಗ್ರಹದ ಪ್ರತಿಯನ್ನು ಆಗಾಗ ಇಳಿಸಿಕೊಂಡು, ಮುಖ್ಯವಾದುದನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

ಕಾಪಿಡುವುದರ ಬೆಲೆಯನ್ನು ನಮ್ಮ ಸಮಾಜಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮನೆಮನೆಗಳಲ್ಲಿ ತಾಡವೋಲೆಗಳಾಗಿ ಚದುರಿದ್ದ ವಚನಗಳನ್ನು ಡಾ. ಫ.ಗು. ಹಳಕಟ್ಟಿಯವರು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹುಡುಕುವುದು, ಪರಿಶೀಲಿಸುವುದು, ಹಂಚುವುದು ಎಂಬ ಈ ಮೂರೂ ಅವರಿಗೆ ಒಂದೇ ಕಾಯಕವಾಗಿತ್ತು.

ಇವುಗಳಲ್ಲಿ ನಡುವಣದನ್ನು ನಾವಿಂದು ಮರೆಯುತ್ತಿದ್ದೇವೆ. ಯಾರೋ ಬರೆದ ಸಾಲುಗಳಿಗೆ ಶರಣರ ಅಂಕಿತ ಜೋಡಿಸಿ ಮೊಬೈಲಿನಲ್ಲಿ ಹರಿಯಬಿಡುವುದುಂಟು. ಅಂತಹುದು ಮಗುವಿನ ಭಾಷಣದಲ್ಲಿ ಸೇರಿತೆಂದರೆ ಅದು ಬಸವಣ್ಣನವರ ಮಾತೆಂದೇ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ‘ಕೂಡಲಸಂಗಮದೇವ’ ಎಂಬ ಅಂಕಿತವಿದ್ದ ಮಾತ್ರಕ್ಕೆ ನಂಬದೆ, ರಾಜ್ಯ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದೊಡನೆ ಹೋಲಿಸಿ ನೋಡಿದ ಬಳಿಕವೇ ಗುರುತಿಡಬೇಕು. ಶಾಲಾಪಾಠಗಳಿಗೆ 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಿದೆ. ಕನ್ನಡದಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣವಿದೆ. ಹುಡುಕಾಟವನ್ನು ಇಂತಹ ಕಡೆಯಿಂದ ತೊಡಗುವುದು ಒಳಿತು.

ಮನೆಯ ಹಿರಿಯರು ಮತ್ತು ಮಕ್ಕಳು ಕೂಡಿ ವಾರಕ್ಕೊಂದು ಒಳ್ಳೆಯ ಪುಟವನ್ನು ಆರಿಸಲಿ. ಅದು ಯಾರಿಗೆ, ಏತಕ್ಕೆ ಉಪಯುಕ್ತವೆಂದು ಒಂದು ಸಾಲು ಬರೆಯಲಿ. ಮಕ್ಕಳ ಹೆಸರು, ಭಾವಚಿತ್ರಗಳು ಮಾತ್ರ ಅದರಲ್ಲಿ ಸೇರದಿರಲಿ. ವರ್ಷ ತುಂಬುವಷ್ಟರಲ್ಲಿ ಐವತ್ತಕ್ಕೂ ಮಿಗಿಲಾದ ಪಾಠಗಳ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಊರಿನ ಶಾಲೆಗೆ ಒಪ್ಪಿಸಿದರೆ, ಕಾಣದ ಮಕ್ಕಳ ಓದಿಗೆ ನಾವು ಸಲ್ಲಿಸಿದ ಕಿರುಸೇವೆಯಾದೀತು.