ಅಂದು ನಕ್ಕ ಬ್ರಿಟನ್ ಇಂದು ಸಾಲುಗಟ್ಟುವುದೇಕೆ? ಆಧುನಿಕ ಕಲೆ ಮತ್ತು ಸಾರ್ವಜನಿಕ ಹಣದ ಕತೆ

2022ರ ಅಕ್ಟೋಬರ್ 14ರಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಬ್ಬರು ಯುವ ಹೋರಾಟಗಾರ್ತಿಯರು ವ್ಯಾನ್ ಗೋ ಬರೆದ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿದ್ದು ನಿಮಗೆ ನೆನಪಿರಬಹುದು. ಹೊಸದಾಗಿ ತೈಲ, ಅನಿಲ ತೆಗೆಯಲು ಪರವಾನಗಿ ಕೊಡಬೇಡಿ ಅನ್ನೋದು ಅವರ ಬೇಡಿಕೆ. ಚಿತ್ರದ ಮುಂದೆ ಗಾಜಿತ್ತು, ಹಾಗಾಗಿ ಚಿತ್ರಕ್ಕೆ ಏನೂ ಆಗಲಿಲ್ಲ. ಚೌಕಟ್ಟಿಗೆ ಹಾನಿಯಾಯಿತು. 2024ರಲ್ಲಿ ಕೋರ್ಟು ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ 20 ತಿಂಗಳು ಜೈಲು ಶಿಕ್ಷೆ ವಿಧಿಸಿತು.

ಹೋರಾಟದ ರೀತಿ ಸರಿಯೋ ತಪ್ಪೋ, ಶಿಕ್ಷೆ ಅತಿಯಾಯಿತೋ ಇಲ್ಲವೋ ಎಂಬುದು ದೊಡ್ಡ ಚರ್ಚೆ. ನನ್ನ ಕುತೂಹಲ ಇನ್ನೊಂದರ ಬಗ್ಗೆ. ಅಷ್ಟು ಜನರಿಗೆ ಅಷ್ಟೊಂದು ಸಿಟ್ಟು ಬಂದಿದ್ದು ಯಾಕೆ? ಯಾಕಂದ್ರೆ, ಅದಕ್ಕೆ 112 ವರ್ಷ ಮೊದಲು ಇದೇ ಊರಿನಲ್ಲಿ ಇದೇ ವ್ಯಾನ್ ಗೋನ ಚಿತ್ರಗಳನ್ನು ನೋಡಿ ಜನ ಬಿದ್ದು ಬಿದ್ದು ನಕ್ಕಿದ್ದರು. ನಗೆಪಾಟಲಾಗಿದ್ದ ಕಲೆ ಒಂದು ದೇಶದ ಹೆಮ್ಮೆಯ ಆಸ್ತಿಯಾಗಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲುವುದು ಬಜೆಟ್, ಶಾಲೆ, ಪ್ರವೇಶ ಶುಲ್ಕಗಳ ಮುಂದೆ.

ದೊಡ್ಡವರೇ ನಕ್ಕರು

1910ರ ನವೆಂಬರ್‌ನಲ್ಲಿ ವಿಮರ್ಶಕ ರೋಜರ್ ಫ್ರೈ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಒಂದು ಪ್ರದರ್ಶನ ಏರ್ಪಡಿಸಿದ. ಸೆಜಾನ್, ಗೊಗ್ಯಾಂ, ವ್ಯಾನ್ ಗೋ ಮುಂತಾದವರ ಚಿತ್ರಗಳು ಅಲ್ಲಿದ್ದವು. ಪತ್ರಿಕೆಗಳು ಇದನ್ನು ಹುಚ್ಚು ಅಂದವು, ಮೋಸ ಅಂದವು, ಸಮಾಜಕ್ಕೆ ಕೇಡು ಅಂದವು. ನೋಡಲು ಬಂದ ಸಂಭಾವಿತರು ಚಿತ್ರಗಳ ಮುಂದೆ ನಿಂತು ಜೋರಾಗಿ ನಕ್ಕರು.

ಅದಾಗಿ 28 ವರ್ಷಗಳ ನಂತರವೂ ಪರಿಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ. 1938ರಲ್ಲಿ ಪೆಗಿ ಗುಗನ್‌ಹೈಮ್ ತಮ್ಮ ಲಂಡನ್ ಗ್ಯಾಲರಿಗೆ ಬ್ರಾಂಕೂಸಿ, ಆರ್ಪ್ ಮುಂತಾದವರ ಶಿಲ್ಪಗಳನ್ನು ತರಿಸಿದರು. ಕಲಾಕೃತಿಯಾದರೆ ಸುಂಕವಿಲ್ಲ, ಬರೀ ಕಲ್ಲು ಮರವಾದರೆ ಸುಂಕ ಕಟ್ಟಬೇಕು ಎಂಬ ಕಾನೂನಿತ್ತು. ಇದು ಕಲೆ ಹೌದೋ ಅಲ್ಲವೋ ಎಂದು ತೀರ್ಮಾನ ಹೇಳಬೇಕಿದ್ದವರು ಟೇಟ್ ಗ್ಯಾಲರಿಯ ನಿರ್ದೇಶಕ ಜೆ.ಬಿ. ಮ್ಯಾನ್ಸನ್. ಅವರು "ಅಲ್ಲ" ಎಂದುಬಿಟ್ಟರು! ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ ತೀರ್ಮಾನ ಹಿಂದಕ್ಕೆ ಹೋಯಿತು.

1949ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷ ಆಲ್ಫ್ರೆಡ್ ಮನ್ನಿಂಗ್ಸ್ ಔತಣಕೂಟದಲ್ಲಿ ಎದ್ದು ನಿಂತು ಆಧುನಿಕ ಕಲೆಯನ್ನು ಹಿಗ್ಗಾಮುಗ್ಗಾ ಬೈದರು. ಬಿಬಿಸಿ ರೇಡಿಯೋ ಅದನ್ನು ನೇರ ಪ್ರಸಾರ ಮಾಡಿತು. ಪಿಕಾಸೊ ಬೀದಿಯಲ್ಲಿ ಎದುರಾದರೆ ನನ್ನ ಜೊತೆ ಸೇರಿ ಒದೀತೀರಾ ಎಂದು ಚರ್ಚಿಲ್ ಒಮ್ಮೆ ತನ್ನನ್ನು ಕೇಳಿದ್ದರು, ತಾನು ಹೂಂ ಅಂದಿದ್ದೆ ಎಂದೂ ಹೇಳಿಕೊಂಡರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. "ಸಾಮಾನ್ಯ ಜನರಿಗೆ ಮಾಡರ್ನ್ ಆರ್ಟ್ ಅರ್ಥವಾಗಲ್ಲ" ಅನ್ನೋದು ನಾವು ದಿನಾ ಕೇಳುವ ಮಾತು. ಆದರೆ ಬ್ರಿಟನ್ನಿನಲ್ಲಿ ಅದನ್ನು ಅತಿ ಹೆಚ್ಚು ವಿರೋಧಿಸಿದವರು ಅಕಾಡೆಮಿಯ ಅಧ್ಯಕ್ಷರು, ಗ್ಯಾಲರಿಯ ನಿರ್ದೇಶಕರು, ಓದಿದ ಮೇಲ್ವರ್ಗದವರು. ಸಾಮಾನ್ಯ ಜನರಿಗೆ ಆಗಿನ್ನೂ ನೋಡುವ ಅವಕಾಶವೇ ಸಿಕ್ಕಿರಲಿಲ್ಲ.

ಯುದ್ಧದ ನಡುವೆ ಬಂದ ಹಣ

ಅವಕಾಶ ಸಿಕ್ಕಿದ್ದು ವಿಚಿತ್ರ ಕಾಲದಲ್ಲಿ. 1940ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷ, ಸಂಗೀತ ಮತ್ತು ಕಲೆಯನ್ನು ಜನರ ಬಳಿಗೆ ಒಯ್ಯಲು ಒಂದು ಮಂಡಳಿ ಹುಟ್ಟಿತು. ನಾಟಕ, ಕಛೇರಿ, ಚಿತ್ರಪ್ರದರ್ಶನಗಳು ಸಣ್ಣ ಊರುಗಳಿಗೆ ಹೋದವು. ಯುದ್ಧ ಮುಗಿದ ಮೇಲೆ 1946ರಲ್ಲಿ ಅದೇ ಮಂಡಳಿ ಆರ್ಟ್ಸ್ ಕೌನ್ಸಿಲ್ ಆಯಿತು. ಇದರ ರೂವಾರಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್. ಹಣ ಸರ್ಕಾರದ್ದು, ಆದರೆ ಯಾವ ಕಲಾವಿದರಿಗೆ ಕೊಡಬೇಕೆಂದು ಮಂತ್ರಿಗಳು ಹೇಳುವಂತಿಲ್ಲ ಎಂಬುದು ಅದರ ಮೂಲ ನಿಯಮ. ಈ ಅಂತರವನ್ನು ಅವರು ಪ್ರತಿಸಲವೂ ಕಾಪಾಡಿಕೊಂಡರು ಅಂತ ನಾನು ಹೇಳ್ತಿಲ್ಲ. ಆದರೆ ಅಂಥದ್ದೊಂದು ನಿಯಮ ಇರಬೇಕು ಎಂಬುದನ್ನಾದರೂ ಒಪ್ಪಿಕೊಂಡರು.

ಎರಡನೆಯದು ಆರ್ಟ್ ಸ್ಕೂಲುಗಳು. ಬ್ರಿಟನ್ನಿನ ಕೈಗಾರಿಕಾ ಪಟ್ಟಣಗಳಲ್ಲೆಲ್ಲ ಇವು ಇದ್ದವು. ಯುದ್ಧಾನಂತರದ ದಶಕಗಳಲ್ಲಿ ಶುಲ್ಕವನ್ನು ಸರ್ಕಾರ ಭರಿಸುತ್ತಿತ್ತು, ಖರ್ಚಿಗೆ ಧನಸಹಾಯವೂ ಸಿಗುತ್ತಿತ್ತು. ಬ್ರಾಡ್‌ಫರ್ಡಿನ ಸಾಧಾರಣ ಕುಟುಂಬದ ಡೇವಿಡ್ ಹಾಕ್ನಿ ಊರಿನ ಆರ್ಟ್ ಸ್ಕೂಲಿನಿಂದಲೇ ಬಂದವರು. ಮುಂದೆ ಲೀಡ್ಸ್‌ನಲ್ಲಿ ಬೆಳೆದ ಡೇಮಿಯನ್ ಹರ್ಸ್ಟ್, ಮಾರ್ಗೇಟ್ ಎಂಬ ಕಡಲತೀರದ ಊರಿನ ಟ್ರೇಸಿ ಎಮಿನ್ ಬಂದರು. ಹರ್ಸ್ಟ್ 1988ರಲ್ಲಿ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರ ಜೊತೆ ಬಂದರಿನ ಖಾಲಿ ಕಟ್ಟಡವೊಂದರಲ್ಲಿ "ಫ್ರೀಜ್" ಎಂಬ ಪ್ರದರ್ಶನ ಮಾಡಿದ್ದು ಒಂದು ಇಡೀ ಪೀಳಿಗೆಯನ್ನೇ ಮುಂದೆ ತಂದಿತು. ಅವರ ಕೃತಿಗಳು ನಿಮಗೆ ಇಷ್ಟವಾಗಲಿ ಬಿಡಲಿ, ಓದುವ ಖರ್ಚನ್ನು ಸರ್ಕಾರ ಹೊರದೇ ಇದ್ದಿದ್ದರೆ ಇವರಲ್ಲಿ ಎಷ್ಟು ಮಂದಿ ಅಲ್ಲಿಗೆ ತಲುಪುತ್ತಿದ್ದರು ಎಂದು ಕೇಳಿಕೊಳ್ಳಬೇಕು.

120 ಇಟ್ಟಿಗೆಗಳ ಜಗಳ

ಹಣ ಸಾರ್ವಜನಿಕರದ್ದು ಅಂದಮೇಲೆ ಲೆಕ್ಕ ಕೇಳೋರೂ ಬರ್ತಾರೆ. 1972ರಲ್ಲಿ ಟೇಟ್ ಗ್ಯಾಲರಿ ಅಮೆರಿಕದ ಕಾರ್ಲ್ ಆಂಡ್ರೆಯ ಕೃತಿಯೊಂದನ್ನು ಖರೀದಿಸಿತು. 120 ಇಟ್ಟಿಗೆಗಳನ್ನು ಎರಡು ಸಾಲಾಗಿ, ಒಂದರ ಮೇಲೊಂದು ನೀಟಾಗಿ ಜೋಡಿಸಿದ ಒಂದು ಆಯತ, ಅಷ್ಟೇ. 1976ರಲ್ಲಿ ಪತ್ರಿಕೆಗಳ ಕಣ್ಣಿಗೆ ಇದು ಬಿತ್ತು. ಬ್ರಿಟನ್ನಿನ ಅರ್ಥವ್ಯವಸ್ಥೆ ಹದಗೆಟ್ಟಿದ್ದ ವರ್ಷ ಅದು. ತೆರಿಗೆ ಹಣದಲ್ಲಿ ಇಟ್ಟಿಗೆ ಕೊಂಡರಾ ಎಂದು ಮುಖಪುಟಗಳು ಕೂಗಿದವು. ವ್ಯಂಗ್ಯಚಿತ್ರಗಳು ಬಂದವು. ಯಾರೋ ಬಂದು ಇಟ್ಟಿಗೆಗಳ ಮೇಲೆ ನೀಲಿ ಬಣ್ಣ ಎರಚಿ ಹೋದರು.

1984ರಲ್ಲಿ ಟರ್ನರ್ ಪ್ರಶಸ್ತಿ ಶುರುವಾದ ಮೇಲಂತೂ ಇಂಥ ಜಗಳ ವರ್ಷಕ್ಕೊಂದರಂತೆ ನಡೆಯತೊಡಗಿತು. ಪೂರ್ವ ಲಂಡನ್ನಿನಲ್ಲಿ ಕೆಡವಲಿದ್ದ ಮನೆಯೊಂದರ ಒಳಗೆ ಕಾಂಕ್ರೀಟು ತುಂಬಿಸಿ, ಹೊರಗಿನ ಗೋಡೆಗಳನ್ನು ಕಳಚಿ, ಆ ಮನೆಯ ಖಾಲಿ ಜಾಗವನ್ನೇ ಶಿಲ್ಪವಾಗಿಸಿದರು ರೇಚಲ್ ವೈಟ್‌ರೀಡ್. 1993ರಲ್ಲಿ ಅವರಿಗೆ ಟರ್ನರ್ ಸಿಕ್ಕಿತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಕೆಲವೇ ವಾರಗಳಲ್ಲಿ, 1994ರ ಜನವರಿಯಲ್ಲಿ, ಸ್ಥಳೀಯ ಕೌನ್ಸಿಲ್ ಆ ಕೃತಿಯನ್ನು ಕೆಡವಿಸಿತು. 1999ರಲ್ಲಿ ಟ್ರೇಸಿ ಎಮಿನ್ ತನ್ನ ಕೆದರಿದ ಹಾಸಿಗೆಯನ್ನು, ಸುತ್ತ ಬಿದ್ದಿದ್ದ ಬಾಟಲಿ, ಸಿಗರೇಟು, ಬಟ್ಟೆಗಳ ಸಮೇತ ಗ್ಯಾಲರಿಯಲ್ಲಿಟ್ಟರು. "ಇದನ್ನ ನಾನೂ ಮಾಡ್ತಿದ್ದೆ" ಅನ್ನುವ ಮಾತು ಇಡೀ ದೇಶದಲ್ಲಿ ಕೇಳಿಬಂತು. ಆ ವರ್ಷದ ಪ್ರಶಸ್ತಿ ಸ್ಟೀವ್ ಮೆಕ್ವೀನ್‌ಗೆ ಹೋಯಿತು, ಸುದ್ದಿಯಾಗಿದ್ದು ಮಾತ್ರ ಎಮಿನ್.

ನನ್ನ ವಾದ ಇಷ್ಟು. ಈ ಜಗಳಗಳು ಕಲೆಯ ಮೆಚ್ಚುಗೆಗೆ ಅಡ್ಡಿಯಾಗಲಿಲ್ಲ, ಅದನ್ನು ಬೆಳೆಸಿದವು. ಇಟ್ಟಿಗೆ ನೋಡಿ ಬೈಯಲೆಂದೇ ಬಂದವರು ಪಕ್ಕದ ಕೋಣೆಗೂ ಕಾಲಿಟ್ಟರು. ಟೀವಿಯಲ್ಲಿ, ಪಬ್ಬಿನಲ್ಲಿ, ಊಟದ ಮೇಜಿನ ಮೇಲೆ ಕಲೆ ಅಂದ್ರೆ ಏನು ಎಂಬ ಪ್ರಶ್ನೆ ಬಂದು ಕೂತಿತು. ಒಂದು ಇಷ್ಟವಾಗಲಿಲ್ಲ ಎಂದು ಹೇಳುವ ಹಕ್ಕು ನಮಗಿದೆ ಎಂದು ಜನರಿಗೆ ಖಾತ್ರಿಯಾದಾಗ, ಇನ್ನೊಂದು ಇಷ್ಟವಾಯಿತು ಎಂದು ಹೇಳುವ ಧೈರ್ಯವೂ ಬರುತ್ತದೆ.

ಟಿಕೆಟ್ ಇಲ್ಲದ ಬಾಗಿಲು

ಧೈರ್ಯ ಬಂದರೆ ಸಾಲದು, ಒಳಗೆ ಹೋಗಲು ಬಾಗಿಲೂ ಬೇಕಲ್ಲ? ಥೇಮ್ಸ್ ನದಿಯ ದಂಡೆಯಲ್ಲಿ ತೈಲದಿಂದ ನಡೆಯುತ್ತಿದ್ದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ಮುಚ್ಚಿತ್ತು. ಅದೇ ಕಟ್ಟಡ 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಆಗಿ ತೆರೆಯಿತು. ಟರ್ಬೈನುಗಳಿದ್ದ ಹಾಲ್, ಸುಮಾರು 35 ಮೀಟರ್ ಎತ್ತರದ್ದು, ಹಾಗೇ ಉಳಿಯಿತು. ಮೆಟ್ಟಿಲು, ಕಂಬಗಳ ಅರಮನೆಯಂಥ ಮುಂಭಾಗದ ಬದಲು ಇಲ್ಲಿ ಬೀದಿಯಿಂದ ನೇರ ಇಳಿಯುವ ಇಳಿಜಾರು. ಸಂಗ್ರಹ ನೋಡಲು ಟಿಕೆಟ್ ಇಲ್ಲ. ಮೊದಲ ವರ್ಷವೇ 50 ಲಕ್ಷಕ್ಕೂ ಹೆಚ್ಚು ಜನ ಬಂದರು. 2001ರ ಡಿಸೆಂಬರ್‌ನಲ್ಲಿ, ಶುಲ್ಕ ಕೇಳುತ್ತಿದ್ದ ಇತರ ರಾಷ್ಟ್ರೀಯ ಮ್ಯೂಸಿಯಮ್ಮುಗಳ ಬಾಗಿಲೂ ಉಚಿತವಾಗಿ ತೆರೆಯಿತು.

2003ರಲ್ಲಿ ಓಲಾಫರ್ ಎಲಿಯಾಸನ್ ಆ ಟರ್ಬೈನ್ ಹಾಲ್‌ನಲ್ಲಿ ಕೃತಕ ಸೂರ್ಯನನ್ನು ಉದಯಿಸಿ, ಛಾವಣಿಗೆ ಕನ್ನಡಿ ಹಾಕಿದರು. ಜನ ನೆಲದ ಮೇಲೆ ಮಲಗಿ, ಮೇಲಿನ ಕನ್ನಡಿಯಲ್ಲಿ ತಮ್ಮನ್ನು ಹುಡುಕಿಕೊಂಡು ಕೈ ಬೀಸಿದರು. ಉಚಿತ ಅನ್ನೋದು ಬರೀ ದುಡ್ಡಿನ ಮಾತಲ್ಲ ಎಂದು ಅನ್ನಿಸೋದು ಇಂಥಲ್ಲೇ. ಟಿಕೆಟ್ ಕೊಂಡವರು ಕೊಟ್ಟ ದುಡ್ಡಿಗೆ ತಕ್ಕಷ್ಟು ಅರ್ಥ ಮಾಡಿಕೊಳ್ಳಬೇಕು ಎಂಬ ಒತ್ತಡದಲ್ಲಿರ್ತಾರೆ. ಟಿಕೆಟ್ ಇಲ್ಲದವರು ಹತ್ತು ನಿಮಿಷ ನಿಂತು, ಇಷ್ಟವಾಗದಿದ್ದರೆ ಎದ್ದು ಹೋಗಿ, ಮುಂದಿನ ವಾರ ಮತ್ತೆ ಬರಬಹುದು.

ಲಂಡನ್ನಿನಾಚೆಗೂ ಹೀಗೇ ಆಯಿತು. ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಅತಿ ಇಷ್ಟವಾದ ಉದಾಹರಣೆ ಈಶಾನ್ಯ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನದ್ದು. ಹಳೆಯ ಕಲ್ಲಿದ್ದಲು ಗಣಿಯ ಜಾಗದಲ್ಲಿ ಆಂಟನಿ ಗಾರ್ಮ್ಲಿ 1998ರಲ್ಲಿ "ಏಂಜಲ್ ಆಫ್ ದಿ ನಾರ್ತ್" ನಿಲ್ಲಿಸಿದರು. 20 ಮೀಟರ್ ಎತ್ತರ, 54 ಮೀಟರ್ ಅಗಲದ ರೆಕ್ಕೆ, ಒಟ್ಟು 200 ಟನ್ ಉಕ್ಕು. ಗಾಳಿಯ ಹೊಡೆತ ತಡೆಯಲು ಅಡಿಪಾಯದ ಕಂಬಗಳನ್ನು 20 ಮೀಟರ್ ಆಳಕ್ಕೆ ಬಂಡೆಯೊಳಗೆ ಇಳಿಸಿದ್ದಾರೆ. ಊರವರು ಮೊದಲು ತೀವ್ರವಾಗಿ ವಿರೋಧಿಸಿದ್ದರು. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಫುಟ್‌ಬಾಲ್ ಅಭಿಮಾನಿಗಳು ಆ ಪ್ರತಿಮೆಗೆ ತಮ್ಮ ಹೀರೋ ಅಲನ್ ಶಿಯರರ್‌ನ 9ನೇ ನಂಬರಿನ ದೈತ್ಯ ಜೆರ್ಸಿ ತೊಡಿಸಿಬಿಟ್ಟರು! ಪೊಲೀಸರು ಬಂದು ತೆಗೆಸಿದರು ಅನ್ನಿ. ಆದರೆ ಅದು ನಮ್ಮದು ಎಂದು ಊರು ತೀರ್ಮಾನಿಸಿದ್ದು ಅವತ್ತೇ ಇರಬೇಕು.

ಗೋಡೆ ಯಾರದ್ದು?

ಇಷ್ಟು ಓದಿ ಬ್ರಿಟನ್ ಆದರ್ಶ ದೇಶ ಅಂದುಕೊಂಡರೆ ಕಷ್ಟ. ಟೇಟ್ ಎಂಬ ಹೆಸರೇ ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್ ಅವರದ್ದು. 1897ರಲ್ಲಿ ಆ ಗ್ಯಾಲರಿ ಕಟ್ಟಿಸಿದ ಅವರು ಗುಲಾಮರ ಒಡೆಯರಾಗಿರಲಿಲ್ಲ, ನಿಜ. ಆದರೆ ಬ್ರಿಟನ್ನಿನ ಸಕ್ಕರೆ ಉದ್ಯಮ ಬೆಳೆದಿದ್ದು ಕೆರಿಬಿಯನ್ ತೋಟಗಳ ಗುಲಾಮಗಿರಿಯ ಮೇಲೆ.

ಇನ್ನು ತೈಲ ಕಂಪನಿ ಬಿಪಿ 1990ರಿಂದ ಟೇಟ್‌ಗೆ ಪ್ರಾಯೋಜಕತ್ವ ಕೊಡುತ್ತಿತ್ತು. ಎಷ್ಟು ಹಣ ಎಂಬುದು ಗುಟ್ಟಾಗಿತ್ತು. "ಲಿಬರೇಟ್ ಟೇಟ್" ಎಂಬ ಕಲಾವಿದರ ಗುಂಪು 2010ರಿಂದ ಗ್ಯಾಲರಿಯೊಳಗೇ ಪ್ರತಿಭಟನಾ ಪ್ರದರ್ಶನಗಳನ್ನು ನಡೆಸಿತು, ಹೋರಾಟಗಾರರು ಮಾಹಿತಿ ಹಕ್ಕಿನ ಮೊರೆ ಹೋದರು. ನ್ಯಾಯಮಂಡಳಿಯ ಆದೇಶದ ಮೇಲೆ 2015ರಲ್ಲಿ ಬಹಿರಂಗವಾದ ಅಂಕಿ: 1990ರಿಂದ 2006ರವರೆಗಿನ 17 ವರ್ಷಗಳಿಗೆ ಒಟ್ಟು 38 ಲಕ್ಷ ಪೌಂಡ್. ಟೇಟ್‌ನಂಥ ಸಂಸ್ಥೆಯ ಬಜೆಟ್ಟಿನಲ್ಲಿ ಇದು ಚಿಲ್ಲರೆ ಹಣ. ಅಷ್ಟು ಕಡಿಮೆಗೆ ಅಷ್ಟು ದೊಡ್ಡ ಮರ್ಯಾದೆ! ಮುಂದಿನ ವರ್ಷ ಒಪ್ಪಂದ ಮುಂದುವರಿಯುವುದಿಲ್ಲ ಎಂಬ ಘೋಷಣೆ ಬಂತು. 2024ರಲ್ಲಿ ಟರ್ನರ್ ಗೆದ್ದ ಗ್ಲಾಸ್ಗೋದ ಸಿಖ್ ಕುಟುಂಬದ ಜಸ್ಲೀನ್ ಕೌರ್, ಇಸ್ರೇಲ್ ಜೊತೆ ನಂಟಿರುವ ಹಣ ಬೇಡ ಎಂದು ಹೊರಗೆ ನಿಂತಿದ್ದ ಪ್ರತಿಭಟನಾಕಾರರ ಪರ ಪ್ರಶಸ್ತಿಯ ವೇದಿಕೆಯಿಂದಲೇ ಮಾತಾಡಿದರು.

ಅದಕ್ಕಿಂತ ಆತಂಕದ ವಿಷಯ ಇನ್ನೊಂದಿದೆ. ನೋಡುವ ಬಾಗಿಲು ತೆರೆದೇ ಇದೆ, ಮಾಡುವವರ ಬಾಗಿಲು ಕಿರಿದಾಗ್ತಿದೆ. 1998ರಲ್ಲಿ ಬ್ರಿಟನ್ ವಿಶ್ವವಿದ್ಯಾಲಯಗಳಿಗೆ ಶುಲ್ಕ ಬಂತು. 2010ರಲ್ಲಿ ಇಂಗ್ಲೆಂಡಿನ ಶಾಲೆಗಳನ್ನು ಅಳೆಯಲು ಸರ್ಕಾರ ತಂದ ಮುಖ್ಯ ವಿಷಯಗಳ ಪಟ್ಟಿಯಲ್ಲಿ ಕಲೆ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಕಲಾ ವಿಷಯಗಳ ಪರೀಕ್ಷೆ ಬರೆಯುವ ಮಕ್ಕಳು ಕಡಿಮೆಯಾಗುತ್ತಾ ಹೋದರು. 2021ರಲ್ಲಿ ವಿಶ್ವವಿದ್ಯಾಲಯಗಳ ಕಲಾ ಕೋರ್ಸುಗಳಿಗಿದ್ದ ಹೆಚ್ಚುವರಿ ಅನುದಾನವನ್ನು ಅರ್ಧಕ್ಕೆ ಇಳಿಸಿದರು. ಲೀಡ್ಸ್, ಮಾರ್ಗೇಟ್‌ಗಳ ಮುಂದಿನ ಮಕ್ಕಳು ಗ್ಯಾಲರಿಗೆ ಪ್ರೇಕ್ಷಕರಾಗಿ ಉಚಿತವಾಗಿ ಬರಬಹುದು, ಕಲಾವಿದರಾಗಿ ಬರಬೇಕಾದರೆ ಸಾಲ ಮಾಡಬೇಕು.

ನಮ್ಮೂರ ಬಂಪರ್ ಅಲ್ಲಿಗೆ ಹೋದಾಗ

ಟೇಟ್ ಸಂಗ್ರಹದಲ್ಲಿ ನಮ್ಮವರದ್ದೊಂದು ಕೃತಿಯಿದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ "ಬಿಹೋಲ್ಡ್". ಮನುಷ್ಯರ ತಲೆಗೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ, ಅದರಲ್ಲಿ ತೂಗುಬಿದ್ದ ಸುಮಾರು 20 ಕಾರ್ ಬಂಪರುಗಳು. ಹರಕೆಯ ಮುಡಿ, ದೃಷ್ಟಿಯಾಗದಿರಲೆಂದು ಗಾಡಿಗೆ ಕಟ್ಟುವ ಕೂದಲಿನ ಹಗ್ಗ, ಇವೆಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ರಜೆಗೆ ಲಂಡನ್ನಿಗೆ ಬಂದ ಒಂದು ಕುಟುಂಬ ಅದರ ಮುಂದೆ ನಿಂತು "ಏನಿದು?" ಎಂದು ಕೇಳಿಕೊಳ್ಳಬಹುದು, ದುಡ್ಡು ಕೊಡದೆ, ಹೆದರದೆ. ಮೈಸೂರಿನ ಎನ್.ಎಸ್. ಹರ್ಷ 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದಾಗ ಅವರ ಕೃತಿಗಳನ್ನು ಕಾರ್ಡಿಫ್‌ನ ಜನ ನೋಡಿದ್ದೂ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲೇ.

ಹಾಗಾಗಿ ಬ್ರಿಟಿಷರ ಅಭಿರುಚಿ ದೊಡ್ಡದು, ಉಳಿದವರದ್ದು ಸಣ್ಣದು ಎಂಬ ಮಾತನ್ನು ನಾನು ಒಪ್ಪಲ್ಲ. ನೂರು ವರ್ಷದ ಹಿಂದೆ ಅವರೂ ನಕ್ಕವರೇ. ಆಮೇಲೆ ಶಾಲೆಗೆ ಹಣ ಕೊಟ್ಟರು, ಬಾಗಿಲು ತೆರೆದರು, ಜಗಳಕ್ಕೆ ಜಾಗ ಬಿಟ್ಟರು. ಜನ ತಾವಾಗೇ ಬಂದರು. ಆ ಮೂರರಲ್ಲಿ ಶಾಲೆಯ ಹಣ ಈಗಾಗಲೇ ಕಡಿಮೆಯಾಗಿದೆ. ಗೋಡೆಯ ಮೇಲಿನ ಸೂರ್ಯಕಾಂತಿಯನ್ನು ಉಳಿಸಲು ಗಾಜು ಸಾಕು. ಮುಂದಿನ ಕಲಾವಿದೆ ಬಡವರ ಮನೆಯಿಂದ ಬರಬೇಕಾದರೆ ಬಜೆಟ್ಟಿನಲ್ಲೇ ಜಾಗ ಬೇಕು.